ಅಮ್ಮನ ಹೆಸರಿನಲ್ಲಿದ್ದ ಷೇರು

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಈಗ ಹೇಗಿದೆ? ಹೋದ ಸಲ ರಜೆ ಮುಗಿಸಿ ಹೊರಟಾಗ ಬಸ್ಸಿನ ಕಿಟಕಿಯಿಂದ ಕೆಮ್ಮುತ್ತಲೇ ಕೈ ಬೀಸಿದ್ದೆ. ಕಲ್ಲು ಪುಡಿಮಾಡುವ ಯಂತ್ರದ ಹತ್ತಿರ ನಿಂತಾಗ ಮೂಗು ಬಾಯಿಗೆ ಮಾಸ್ಕ್ ಹಾಕಿಕೋ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ನಿನ್ನ ದಿಂಬಿನ ಮೇಲೆ ಉದುರಿದ್ದ ಬೂದುಬಣ್ಣದ ಪುಡಿಯನ್ನು ನಿನ್ನಮ್ಮ ಬೆರಳಿಗೆ ಹಚ್ಚಿಕೊಂಡು ಬಂದು ನನ್ನ ಮುಖದ ಮುಂದೆ ಹಿಡಿದಿದ್ದಳು, ನಿಮ್ಮ ಗಣಿಯ ಗುಡ್ಡ ಅಗೆಸುತ್ತಿರುವವನು ನಾನೇ ಎಂಬಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಮಂಡಿ ತನ್ನ ಹಳೆಯ ರಾಗವನ್ನೇ ಹಾಡುತ್ತಿದೆ. ನಿನ್ನಮ್ಮನಿಗೆ ಇದು ಶಾಲೆಗಳು ತೆರೆಯುವ ಹಂಗಾಮು; ನಡುಮನೆಯ ತುಂಬ ನೀಲಿ ಬಟ್ಟೆಯ ರಾಶಿ, ಕಾಲಿಟ್ಟಲ್ಲೆಲ್ಲ ಗುಂಡುಸೂಜಿ. ಮೊನ್ನೆಯಿಂದ ಅವಳು ನನ್ನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತನಾಡುತ್ತಿದ್ದಾಳೆ. ಯಾಕೆ ಎಂಬುದನ್ನು ಹೇಳುವುದಕ್ಕೇ ಈ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ.

ಅಪ್ಪ ಇಷ್ಟುದ್ದದ ಕಾಗದ ಬರೆದಿದ್ದಾನೆ ಎಂದರೆ ನೀನು ಹೆದರುತ್ತೀ, ಗೊತ್ತು. ಯಾರ ಜೀವಕ್ಕೂ ಏನೂ ಆಗಿಲ್ಲ, ಮೊದಲು ಉಸಿರು ಬಿಡು. ನಿಮ್ಮ ಕಂಪನಿಯ ಮೇಲೆ ದೊಡ್ಡ ಷೇರುಪೇಟೆಯವರು ನಡೆಸುತ್ತಿರುವ ತಪಾಸಣೆ ಮುಗಿದು, ಕಲ್ಲಿನ ಪರೀಕ್ಷೆಯ ಫಲಿತಾಂಶ ಹೊರಬೀಳುವ ತನಕ ಲ್ಯಾಬಿನವರ ಫೋನುಗಳನ್ನೆಲ್ಲ ಇಸಿದುಕೊಂಡು ಬೀರುವಿನಲ್ಲಿಟ್ಟಿದ್ದಾರೆ ಎಂದು ನೀನೇ ಬರೆದಿದ್ದೆ. ಶನಿವಾರ ಧೈರ್ಯ ಮಾಡಿ ನಿಮ್ಮ ಕ್ಯಾಂಪ್ ಆಫೀಸಿಗೇ ಫೋನ್ ಮಾಡಿದೆ. ಎತ್ತಿಕೊಂಡವನು "ಯಾರು? ಏನ್ ವಿಷಯ? ಪುಸ್ತಕದಲ್ಲಿ ಬರ್ಕೋಬೇಕು" ಎಂದ. "ಏನಿಲ್ಲ, ಮಗಳು ಊಟ ಮಾಡಿದ್ಲಾ ಅಂತ ಕೇಳೋಕೆ" ಎಂದೆ. "ಮಾಡಿದಾರೆ" ಎಂದು ಅವನು ಇಟ್ಟುಬಿಟ್ಟ. ಕಾಗದದಲ್ಲಾದರೆ ಏನು ವಿಷಯ ಎಂದು ನಡುವೆ ಬಾಯಿ ಹಾಕುವವರಿಲ್ಲ. ಫೋನಿಟ್ಟು ತಪ್ಪಿಸಿಕೊಳ್ಳಲು ನನಗೂ ದಾರಿಯಿಲ್ಲ.

ವಿಷಯ ಇಷ್ಟು. ನಿಮ್ಮ ಕಂಪನಿಯ ಷೇರು ನಮ್ಮ ಮನೆಯಲ್ಲಿದೆ. ಇರುವುದು ನಿನ್ನಮ್ಮನ ಹೆಸರಿನಲ್ಲಿ, ಕೊಂಡವನು ನಾನು. ಮೂರು ವಾರದ ಹಿಂದೆ ಬಂದ ನಿನ್ನ ಕಾಗದವನ್ನು ಎಂದಿನಂತೆ ನಾನೇ ಗಟ್ಟಿಯಾಗಿ ಓದುತ್ತಿದ್ದೆ, ನಿನ್ನಮ್ಮ ಗುಂಡಿ ಹೊಲಿಯುತ್ತ ಕೇಳುತ್ತಿದ್ದಳು. ಚಿಕ್ಕ ಷೇರುಪೇಟೆ ಬಿಟ್ಟು ದೊಡ್ಡದಕ್ಕೆ ಹೋಗುವ ಕಂಪನಿಯನ್ನು ಅಡಿಯಿಂದ ಮುಡಿಯ ತನಕ ಜಾಲಾಡುತ್ತಾರೆ, ಕಲ್ಲಿನಲ್ಲಿ ಲೋಹ ಎಷ್ಟಿದೆ ಎಂದು ಬರೆದು ಸಹಿ ಹಾಕುವವರು ತಮ್ಮ ಮನೆಯವರ ಹೆಸರಿನಲ್ಲಿ ಷೇರು ಇದೆಯೋ ಇಲ್ಲವೋ ಎಂದು ಬರೆದುಕೊಡಬೇಕು ಎಂದೆಲ್ಲ ನೀನು ವಿವರಿಸಿದ್ದೆ. ಅದರ ಕೆಳಗೆ ನೀನು ಬರೆದ ಸಾಲು ನನಗೆ ಬಾಯಿಪಾಠವಾಗಿಹೋಗಿದೆ: "ನಾನು ಇಲ್ಲ ಅಂತ ಸಹಿ ಹಾಕಿ ಕೊಟ್ಟೆ. ನಮ್ಮಪ್ಪನಿಗೆ ಲಾರಿ ತೂಕ ಬಿಟ್ರೆ ಬೇರೆ ಯಾವ ಏರಿಳಿತಾನೂ ಗೊತ್ತಿಲ್ಲ ಅಂದೆ, ನಮ್ಮ ಸಾಹೇಬರು ಬಿದ್ದು ಬಿದ್ದು ನಕ್ಕರು." ಅಲ್ಲಿಗೆ ನನ್ನ ದನಿ ನಿಂತುಹೋಯಿತು. "ಯಾಕ್ ನಿಲ್ಲಿಸಿದ್ರಿ?" ಎಂದಳು ನಿನ್ನಮ್ಮ. ಬೆಳಕು ಸಾಲದು ಎಂದೆ. ನಡುಮಧ್ಯಾಹ್ನ, ಎರಡೂ ಕಿಟಕಿ ತೆರೆದಿದ್ದವು. ಅವಳು ಒಮ್ಮೆ ಕಿಟಕಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿ ಮತ್ತೆ ಗುಂಡಿ ಹೊಲಿಯತೊಡಗಿದಳು.

ಮೊದಲಿನಿಂದ ಹೇಳುತ್ತೇನೆ. ಆಗ ನೀನಿನ್ನೂ ಕಾಲೇಜಿನಲ್ಲಿದ್ದೆ. ನಿಮ್ಮ ಕಂಪನಿಗೆ ಒಂದು ಗುಡ್ಡ, ಎರಡು ಡೇರೆ, ಒಂದು ಕೊರೆಯುವ ಯಂತ್ರ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಪರೀಕ್ಷೆಗೆಂದು ಕಳಿಸಿದ ಹನ್ನೊಂದು ಲಾರಿ ಕಲ್ಲು ನಮ್ಮ ವೇಬ್ರಿಡ್ಜಿನ ಮೇಲೆ ಹಾದುಹೋಯಿತು. ಇಪ್ಪತ್ತೊಂಬತ್ತು ವರ್ಷ ಆ ಗಾಜಿನ ಗೂಡಿನಲ್ಲಿ ಕೂತು ಲಾರಿ ತೂಗಿದವನು ನಾನು. ಖಾಲಿ ಲಾರಿಯ ತೂಕ ಎಷ್ಟು, ತುಂಬಿದ್ದರ ತೂಕ ಎಷ್ಟು, ಕಳೆದರೆ ಮಾಲು ಎಷ್ಟು, ಇಷ್ಟೇ ನನ್ನ ವಿದ್ಯೆ. ಟಾರ್ಪಾಲಿನ ಉಬ್ಬು ನೋಡಿಯೇ ಇಷ್ಟು ಟನ್ ಎನ್ನುತ್ತಿದ್ದೆ, ಯಂತ್ರ ಆಮೇಲೆ ಹೌದು ಎನ್ನುತ್ತಿತ್ತು. ಆ ಹನ್ನೊಂದು ಲಾರಿಗಳಲ್ಲಿ ಮಾತ್ರ ಲೆಕ್ಕ ತಪ್ಪಿತು. ಮುಕ್ಕಾಲು ಭಾಗವೂ ತುಂಬಿರದ ಲಾರಿ ಕುತ್ತಿಗೆಯವರೆಗೆ ಜಲ್ಲಿ ತುಂಬಿದಷ್ಟು ತೂಗಿತು. ಇದು ಟಂಗ್‌ಸ್ಟನ್ ಕಲ್ಲು, ಹಳೇ ಬಲ್ಬಿನೊಳಗೆ ಉರಿಯೋ ತಂತಿ ಇದರದ್ದೇ ಎಂದು ಡ್ರೈವರ್ ಹೇಳಿದ. ಅಂದೇ ನನ್ನ ತಲೆಗೆ ಹುಳ ಹೊಕ್ಕಿತು. ಇಷ್ಟು ಭಾರದ್ದಕ್ಕೆ ಬೆಲೆ ಇಲ್ಲದಿರುತ್ತದೆಯೇ ಎಂದುಕೊಂಡೆ. ಬೇರೆಯವರು ಕಂಪನಿಯ ವರದಿ ಓದಿ ದುಡ್ಡು ಹಾಕುತ್ತಾರೆ, ನಾನು ತೂಕದ ಚೀಟಿ ನೋಡಿ ಹಾಕಿದೆ. ನಿವೃತ್ತನಾದಾಗ ಬಂದ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಷೇರಿಗೆ ಹೋಯಿತು. ನನ್ನ ಹೆಸರು ಕಂಡರೆ ಯಾರಾದರೂ ಆ ಚೀಟಿಗಳನ್ನು ನೆನಪಿಸಿಕೊಂಡಾರು ಎಂಬ ಅಳುಕಿಗೆ ನಿನ್ನಮ್ಮನ ಹೆಸರು ಬರೆಸಿದೆ. ನಿವೃತ್ತಿಯ ಕಾಗದಗಳ ರಾಶಿಯಲ್ಲಿ ಅದನ್ನೂ, ಅವಳ ಪರವಾಗಿ ಕೊಳ್ಳಲು ಮಾರಲು ನನಗೆ ಅಧಿಕಾರ ಕೊಡುವ ಕಾಗದವನ್ನೂ ಸೇರಿಸಿ, ಇಲ್ಲೊಂದು ಇಲ್ಲೊಂದು ಎಂದು ಬೆರಳಿಟ್ಟು ತೋರಿಸಿದೆ. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಸಹಿ ಹಾಕಿದಳು. ಆ ದುಡ್ಡು ಬ್ಯಾಂಕಿನಲ್ಲಿದೆ ಎಂದು ಈ ಸೋಮವಾರದ ತನಕ ನಂಬಿದ್ದಳು.

ವರ್ಷ ತುಂಬುವ ಮೊದಲೇ ನಿನಗೆ ಅದೇ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅದು ನೀನೇ ಅರ್ಜಿ ಹಾಕಿ, ನೀನೇ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ. ನನ್ನ ಷೇರಿಗೂ ಅದಕ್ಕೂ ಸಂಬಂಧವಿರಲಿಲ್ಲ. ನೀನು ಮನೆಯೆಲ್ಲ ಕುಣಿದಾಡುತ್ತಿದ್ದರೆ ನಾನು ಗೋಡೆಗೊರಗಿ ನಿಂತಿದ್ದೆ. ಪೆಟ್ಟಿಗೆ ತುಂಬುವಾಗ ನೀನು ತಲೆ ಎತ್ತದೆ ಹೇಳಿದೆ: "ನಮ್ಮ ಕಂಪನಿ ಷೇರು ಮಾತ್ರ ತಗೋಬೇಡಪ್ಪಾ. ಅಲ್ಲಿ ಸಹಿ ಹಾಕೋಳು ನಾನು." ನಾನು ಹೂಂ ಎಂದೆ. ತಗೊಂಡಾಗಿದೆ ಮಗಳೇ ಎಂದು ಅವತ್ತೇ ಹೇಳಿದ್ದರೆ ನೀನು ಒಂದು ದಿನ ಮುಖ ಊದಿಸಿಕೊಂಡು, ಮರುದಿನ ನನ್ನ ಕಿವಿ ಹಿಡಿದು ಮಾರಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮಗಳ ಮುಂದೆ ಪೆದ್ದನಾಗಲು ಮನಸ್ಸು ಬರಲಿಲ್ಲ. ಮೊದಲ ರಜೆಗೆ ನೀನು ಬಂದಾಗ, ಸುಮ್ಮನೆ ಹೊತ್ತು ಕಳೆಯುವವನ ಹಾಗೆ ಆ ಹನ್ನೊಂದು ಲಾರಿಗಳ ವಿಷಯ ಎತ್ತಿದೆ. ನೀನು ನಕ್ಕುಬಿಟ್ಟೆ. "ಭಾರ ಇದ್ದ ಮಾತ್ರಕ್ಕೆ ಲೋಹ ಇರಲ್ಲಪ್ಪಾ. ಅದು ಬರೀ ಕಬ್ಬಿಣದ ಕಲ್ಲು, ಗುಡ್ಡದ ಆ ಕಡೆನೇ ಬಿಟ್ಟುಬಿಟ್ಟಿದಾರೆ. ಎಲ್ಲಾ ವರದಿಯಲ್ಲೇ ಅಚ್ಚಾಗಿದೆ, ಯಾರೂ ಓದಲ್ಲ ಅಷ್ಟೆ." ನಿಮ್ಮ ಕಂಪನಿಯ ಕಲ್ಲಿನ ಬಗ್ಗೆ ನಿನ್ನ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು. ಅದರಿಂದ ನನಗೆ ತಿಳಿದದ್ದು, ಮೂರು ದಶಕ ತೂಗಿದರೂ ನಾನೊಬ್ಬ ಬೆಪ್ಪುತಕ್ಕಡಿ ಎಂಬುದು ಮಾತ್ರ.

ಆ ಷೇರು ಚಿಕ್ಕ ಪೇಟೆಯಲ್ಲಿ ಎರಡು ವರ್ಷ ಮಕಾಡೆ ಮಲಗಿತ್ತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯ ತನಕ ಒಂದೂ ಕೈ ಬದಲಾಗುತ್ತಿರಲಿಲ್ಲ. ಕೊಳ್ಳುವವರೇ ಇಲ್ಲದ ಕಡೆ ಮಾರಲು ನಿಂತರೆ ಬೆಲೆ ಇನ್ನೂ ಕುಸಿಯುತ್ತದೆ ಎಂದು ಬ್ರೋಕರ್ ಆಫೀಸಿನ ಗುಮಾಸ್ತ ಹೆದರಿಸಿದ್ದ. ಈ ವರ್ಷದ ಶುರುವಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಟಂಗ್‌ಸ್ಟನ್ ಬೇಕಾಯಿತು. ನಿರ್ಣಾಯಕ ಖನಿಜ ಎಂದು ಅದಕ್ಕೊಂದು ಪಟ್ಟ ಕಟ್ಟಿದರು, ಬೆಲೆ ಮೂರು ಪಟ್ಟಾಯಿತು, ಕಂಪನಿ ದೊಡ್ಡ ಷೇರುಪೇಟೆಗೆ ಹೋಗುತ್ತದೆ ಎಂದು ಪತ್ರಿಕೆಯಲ್ಲಿ ಬಂತು. ದೊಡ್ಡ ಬೀದಿಯಲ್ಲಿ ಅಂಗಡಿ ತೆರೆದರೆ ದೊಡ್ಡ ಗಿರಾಕಿಗಳು ಬರುತ್ತಾರೆ ಎಂದು ಕೆಲವರು ಹೇಳಿದರು. ಹಳೇ ಗಿರಾಕಿ ತಪ್ಪಿಹೋಗಿ, ಹೊಸಬರು ತಿರುಗಿಯೂ ನೋ​ಡದೆ, ಬಾಡಿಗೆಗೇ ಸೋತುಹೋಗುವ ಅಂಗಡಿಗಳೂ ಇವೆ ಎಂದು ಇನ್ನು ಕೆಲವರು. ಅವತ್ತು ನಾನು ಪಂಕ್ಚರ್ ಮಾವನ ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತಿದ್ದೆ. ನಿನ್ನನ್ನು ಲಾರಿ ಟ್ಯೂಬಿನೊಳಗೆ ಕೂರಿಸಿ ನೀರಿನ ಭಯ ಬಿಡಿಸಿದ ಆ ಪುಣ್ಯಾತ್ಮನಿಗೆ ನಾನು ಷೇರು ಇಟ್ಟುಕೊಂಡಿರುವುದು ಗೊತ್ತಿತ್ತು. ಪತ್ರಿಕೆ ಮಡಿಚಿ, "ಈಗ ಕೊಳ್ಳಬಹುದೇನೋ? ನಿನ್ ಮಗಳು ಅಲ್ಲೇ ಇದಾಳಲ್ಲ, ಏನಂತಾಳೆ?" ಎಂದ. ನೀನು ಏನೂ ಅನ್ನುವುದಿಲ್ಲ, ನಾನು ಕೇಳುವುದೂ ಇಲ್ಲ. ಅಷ್ಟನ್ನು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ ಮಗಳೇ, ನಕ್ಕೆ. ಎಲ್ಲ ಗೊತ್ತಿದ್ದೂ ಬಾಯಿ ಬಿಡದವನು ನಗುತ್ತಾನಲ್ಲ, ಆ ನಗು. ಗಾಜಿನ ಗೂಡಿನಲ್ಲಿ ಕೂತಿದ್ದವನನ್ನು ಅಷ್ಟು ವರ್ಷ ತೂಕ ಎಷ್ಟು ಎಂಬುದರ ಹೊರತು ಯಾರೂ ಏನೂ ಕೇಳಿರಲಿಲ್ಲ. ಕೇಳಿದಾಗ ಹಿತವಾಯಿತು, ಅದಕ್ಕೆ ನಕ್ಕೆ.

ಅವನು ಕೊಂಡ. ಅವನು ಕೊಂಡನೆಂದು ಎದುರಿನ ಕನ್ನಡಕದ ಅಂಗಡಿಯವನು ಕೊಂಡ. ಅವನ ಭಾವಮೈದ ಕೊಂಡ, ಮೂಲೆಮನೆಯ ನರ್ಸಮ್ಮ ಕೊಂಡರು. ತಿಂಗಳೊಳಗೆ ನಮ್ಮ ಬೀದಿಯಲ್ಲಿ ಒಂಬತ್ತು ಮನೆ. ಯಾರಿಗೂ ನಾನು ಒಂದಕ್ಷರ ಹೇಳಿರಲಿಲ್ಲ, ಎಲ್ಲರೂ ನನ್ನ ನಗುವನ್ನು ನಂಬಿಯೇ ಕೊಂಡಿದ್ದರು. ಹೋದ ತಿಂಗಳು ಹತ್ತು ಹಳೆಯ ಷೇರಿಗೆ ಒಂದು ಹೊಸ ಷೇರು ಎಂದು ಲೆಕ್ಕ ಬದಲಿಸಿದರಲ್ಲ, ದೊಡ್ಡ ಪೇಟೆಯವರು ಚಿಲ್ಲರೆ ಬೆಲೆಯ ಷೇರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಆಗ ಪಂಕ್ಚರ್ ಮಾವ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿಬಂದ. "ಸಾವಿರ ಇತ್ತು ಕಣೋ, ನೂರು ಅಂತಿದಾರೆ, ಮುಳುಗಿದ್ವಿ" ಎಂದು ಬಾಗಿಲಲ್ಲೇ ಕುಸಿದು ಕೂತ. ನೀರು ಕೊಟ್ಟು, ಕ್ವಿಂಟಾಲಿನಲ್ಲಿ ಬರೆದದ್ದನ್ನು ಟನ್ನಿನಲ್ಲಿ ಬರೆದ ಹಾಗೆ, ಹತ್ತು ಹೋಗಿ ಒಂದಾದರೂ ಲಾರಿಯಲ್ಲಿರುವ ಮಾಲು ಅಷ್ಟೇ ಇರುತ್ತದೆ ಎಂದು ತಿಳಿಹೇಳಿದೆ. ಅವನಿಗೆ ಅರ್ಥವಾಯಿತು. ಲೋಟ ಕೆಳಗಿಟ್ಟು, "ನೀನು ಇದೀಯಲ್ಲ, ನಮಗೇನು ಬಿಡು" ಎಂದು ಎದ್ದುಹೋದ.

ನಿನ್ನ ಕಾಗದ ಬಂದ ಮೇಲೆ ನನಗೆ ಕಂಡದ್ದು ಒಂದೇ ದಾರಿ. ಚಿಕ್ಕ ಪೇಟೆಯಲ್ಲಿ ವ್ಯಾಪಾರ ಹೋದ ಶುಕ್ರವಾರಕ್ಕೆ ಕೊನೆ. ಅಷ್ಟರೊಳಗೆ ಮಾರಿಬಿಟ್ಟರೆ ನಮ್ಮ ಮನೆಯಲ್ಲಿ ಷೇರಿಲ್ಲ ಎಂಬ ನಿನ್ನ ಸಹಿ ತಡವಾಗಿಯಾದರೂ ನಿಜವಾಗುತ್ತದೆ ಎಂದು ಲೆಕ್ಕ ಹಾಕಿದೆ. ಕಾಗದ ಬಂದ ಮರುದಿನವೇ ಹೋಗಬಹುದಿತ್ತು. ಬೆಲೆ ದಿನಾ ಏರುತ್ತಿತ್ತು, ಅದಕ್ಕೇ ನಾಳೆ ನಾಳೆ ಎಂದು ಕೊನೆಯ ದಿನದ ತನಕ ಎಳೆದೆ, ಇದನ್ನೂ ಮುಚ್ಚಿಡುವುದಿಲ್ಲ. ಬ್ರೋಕರ್ ಆಫೀಸು ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು, ಮಂಡಿ ಹಿಡಿದುಕೊಂಡು ಹತ್ತಿದೆ. ಕಬ್ಬಿಣದ ಕುರ್ಚಿಗಳ ತುಂಬ ಜನ. ಎಲ್ಲರ ಕಣ್ಣೂ ಗೋಡೆಯ ಮೇಲೆ ಓಡುತ್ತಿದ್ದ ಅಂಕಿಗಳ ಮೇಲೆ. "ಮೂರು ಗಂಟೆ ಒಳಗೆ ಕೊಡಿ ಯಜಮಾನ್ರೇ. ಆಮೇಲೆ ಹೊಸ ಪೇಟೆ ಶುರುವಾಗೋ ತನಕ ಬಾಗಿಲು ಬಂದ್" ಎಂದು ಗುಮಾಸ್ತ ಮಾರುವ ಚೀಟಿ ಕೊಟ್ಟ. ತುಂಬಿದೆ. ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದಾಗ ಯಾರೋ ಹೆಗಲು ಮುಟ್ಟಿದರು. ಪಂಕ್ಚರ್ ಮಾವ. ಪಕ್ಕದಲ್ಲಿ ಕನ್ನಡಕದ ಅಂಗಡಿಯವನು. ಇನ್ನಷ್ಟು ಕೊಳ್ಳಲು ಬಂದಿದ್ದರು. ಪಂಕ್ಚರ್ ಮಾವ ನನ್ನ ಕೈಯಲ್ಲಿದ್ದ ಚೀಟಿ ನೋಡಿದ. "ನೀನು ಮಾರ್ತಿದೀಯಾ?" ಎಂದು ಪಿಸುಗುಟ್ಟಿದ. "ಮಗಳು ಏನೋ ಹೇಳಿದಾಳೆ ಅಲ್ವಾ? ಕಲ್ಲಲ್ಲಿ ಏನೂ ಇಲ್ವಂತಾ?"

ಆಗ ನನಗೆ ಹೊಳೆಯಿತು. ನಾನು ಮಾರಿದರೆ ಹದಿನೈದು ನಿಮಿಷದಲ್ಲಿ ಒಂಬತ್ತು ಮನೆಯವರೂ ಮಾರುತ್ತಾರೆ. ಫಲಿತಾಂಶ ಹೊರಬೀಳುವ ಮೊದಲು, ಕೊನೆಯ ದಿನ, ಕೊನೆಯ ಗಂಟೆಯಲ್ಲಿ, ಲ್ಯಾಬಿನಲ್ಲಿ ಸಹಿ ಹಾಕುವ ಹುಡುಗಿಯ ಬೀದಿಯಿಂದಲೇ ಎಲ್ಲರೂ ಮಾರಿದರು ಎಂದರೆ ಅದನ್ನು ನೋಡಿದವರು ಏನೆಂದುಕೊಳ್ಳುತ್ತಾರೆ? ಮಾರಿದರೆ ನೀನು ಗುಟ್ಟು ಹೊರಹಾಕಿದವಳಾಗುತ್ತೀ, ಮಾರದಿದ್ದರೆ ಸುಳ್ಳು ಸಹಿ ಹಾಕಿದವಳಾಗುತ್ತೀ. ನೀನು ಎರಡನ್ನೂ ಮಾಡಿಲ್ಲ. ಎರಡನ್ನೂ ನಿನ್ನ ತಲೆಗೆ ಕಟ್ಟುತ್ತಿದ್ದವನು ನಾನು, ಅಲ್ಲಿ ಸಾಲಿನಲ್ಲಿ ನಿಂತುಕೊಂಡು. ಹಿಂದೆ ನಿಂತಿದ್ದ ಅಪರಿಚಿತನ ಕಿವಿ ಆಗಲೇ ನೆಟ್ಟಗಾಗಿತ್ತು. ಚೀಟಿಯನ್ನು ಮುದುರಿ ಜೇಬಿಗಿಟ್ಟು, "ಇಲ್ಲಪ್ಪ, ವಿಳಾಸ ಬದಲಾಯಿಸೋಕೆ ಬಂದಿದ್ದೆ" ಎಂದೆ. ಪಂಕ್ಚರ್ ಮಾವ ಉಸಿರು ಬಿಟ್ಟು, ತನ್ನ ಉಳಿತಾಯದಲ್ಲಿ ಇನ್ನಷ್ಟು ತೆಗೆದು ನನ್ನ ಕಣ್ಣೆದುರಿಗೇ ಮತ್ತೆ ಕೊಂಡ. ನಾನು ತಡೆಯಲಿಲ್ಲ. ಮೂರು ಗಂಟೆಗೆ ಗೋಡೆಯ ಮೇಲಿನ ಅಂಕಿ ನಿಂತಿತು, ಜನ ಮೆಟ್ಟಿಲಿಳಿದು ಹೋದರು, ನಾನು ಕಸ ಗುಡಿಸುವವಳು ಬಂದು ಕುರ್ಚಿ ಸರಿಸುವ ತನಕ ಅಲ್ಲೇ ಕೂತಿದ್ದೆ.

ಮರುದಿನ ಬೆಳಿಗ್ಗೆ ಅಂಚೆಯವನು ಕಂದು ಬಣ್ಣದ ಲಕೋಟೆ ತಂದ. ಷೇರು ಇರುವವರಿಗೆಲ್ಲ ಬಂದ ಲಕೋಟೆ ಅದು, ನಮ್ಮದರ ಮೇಲೆ ನಿನ್ನಮ್ಮನ ಹೆಸರು. ಒಳಗಿನ ಅರ್ಜಿಯನ್ನು ತುಂಬಿ ಇಪ್ಪತ್ತೊಂದನೇ ತಾರೀಕಿನ ಬುಧವಾರದೊಳಗೆ ಮುಟ್ಟಿಸಿದರೆ ಷೇರು ಹೊಸ ಪೇಟೆಗೆ ಹೋಗುತ್ತದೆ. ಇಲ್ಲವಾದರೆ ಅರ್ಜಿ ಕೊಡದ ಬೇರೆಯವರ ಷೇರುಗಳ ಜೊತೆ ಒಟ್ಟುಮಾಡಿ ಸಿಕ್ಕಿದ ಬೆಲೆಗೆ ಮಾರಿಹಾಕುತ್ತಾರೆ. ನಾಲ್ಕನೇ ಪ್ರಶ್ನೆಯಲ್ಲಿ ನನ್ನ ಕಣ್ಣು ಸಿಕ್ಕಿಕೊಂಡಿತು. ನಿಮ್ಮ ಮನೆಯವರು ಯಾರಾದರೂ ಕಂಪನಿಯ ನೌಕರರೇ? ಪಕ್ಕದಲ್ಲಿ ಎರಡು ಚೌಕ, ಹೌದು, ಇಲ್ಲ. ವರ್ಷದಲ್ಲಿ ಮುಕ್ಕಾಲು ದಿನ ನೀನು ಕ್ಯಾಂಪಿನಲ್ಲೇ ಇರುತ್ತೀ, ಹಾಗಾದರೆ ನಮ್ಮ ಮನೆಯವಳು ಹೇಗಾಗುತ್ತೀ ಎಂದು ವಕೀಲನ ಹಾಗೆ ನನ್ನೊಳಗೇ ವಾದ ಹೂಡಿದೆ. ಅಂಥ ವಾದ ಹೂಡಲು ನನಗೆ ಮನಸ್ಸಾದರೂ ಹೇಗೆ ಬಂತೋ. ಪೆನ್ಸಿಲಿನಲ್ಲಿ ಇಲ್ಲ ಎಂಬಲ್ಲಿ ತೆಳುವಾಗಿ ಗುರುತು ಹಾಕಿ, ನಿನ್ನಮ್ಮ ಹೊಲಿದಿಟ್ಟಿದ್ದ ಅಂಗಿಗಳ ಅಡಿಗೆ ತಳ್ಳಿದೆ. ಅವಳ ಸಹಿ ಹೇಗೆ ಹಾಕಿಸುವುದು ಎಂದು ಭಾನುವಾರವಿಡೀ ಯೋಚಿಸಿದೆ.

ಸೋಮವಾರ ಅವಳು ಅಂಗಿಗಳನ್ನು ಎಣಿಸಿ ಕಟ್ಟುವಾಗ ಅದು ಅವಳ ಕೈಗೇ ಸಿಕ್ಕಿತು. "ಇದು ನನ್ನ ಹೆಸರಲ್ವಾ?" ಎಂದಳು. ಎಲ್ಲವನ್ನೂ ಹೇಳಿದೆ, ಈಗ ನಿನಗೆ ಬರೆದಷ್ಟು ಸಾವಕಾಶವಾಗಿ ಅಲ್ಲ, ತಡವರಿಸಿಕೊಂಡು. ಅವಳು ಹೋಗಿ ಹೊಲಿಗೆ ಮಷಿನ್ ಮುಂದೆ ಕೂತಳು. ಇಡೀ ಮಧ್ಯಾಹ್ನ ಅದರ ಸದ್ದು ನಿಲ್ಲಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದೀಪ ಹಾಕುವ ಹೊತ್ತಿಗೆ ಎದ್ದುಬಂದು, "ನನ್ನ ಹೆಸರಲ್ಲಿ ದುಡ್ಡು ಇಟ್ರಿ, ಕೇಳಲಿಲ್ಲ, ಹೋಗ್ಲಿ. ನನ್ನ ಹೆಸರಲ್ಲಿ ಸುಳ್ಳು ಯಾಕೆ ಇಡ್ತೀರಿ?" ಎಂದಳು. ರಬ್ಬರು ತಂದು ಆ ಪೆನ್ಸಿಲ್ ಗುರುತನ್ನು ಕಾಗದ ಜುಂಗು ಏಳುವ ತನಕ ಉಜ್ಜಿದಳು. ಆಮೇಲೆ ಪೆನ್ನು ತೆಗೆದುಕೊಂಡು ಹೌದು ಎಂಬ ಚೌಕದ ಮೇಲೆ ಇಟ್ಟಳು, ಅಲ್ಲೇ ಕೈ ನಿಂತಿತು. "ನಾನು ಹೌದು ಅಂದ್ರೆ, ಅವಳು ಇಲ್ಲ ಅಂದಿದ್ದು ಏನಾಗತ್ತೆ ರೀ?" ಅವಳು ಪೆನ್ನನ್ನು ಅರ್ಜಿಯ ಮೇಲೆ ಮಲಗಿಸಿ ಒಳಗೆ ಹೋದಳು. ಎರಡು ದಿನದಿಂದ ಅದು ಹಾಗೇ ಬಿದ್ದಿದೆ, ಈಗ ನಾನು ಬರೆಯುತ್ತಿರುವ ಮೇಜಿನ ಇನ್ನೊಂದು ತುದಿಯಲ್ಲಿ.

ನಿನ್ನೆ ಪಂಕ್ಚರ್ ಮಾವನ ಅಂಗಡಿಗೆ ಹೋದೆ. ಅವನು ಬಸ್ಸಿನ ಟಯರೊಂದನ್ನು ಬಿಚ್ಚುತ್ತಿದ್ದ. ನನ್ನ ಮಗಳು ನನಗೆ ಯಾವತ್ತೂ ಯಾವ ಗುಟ್ಟೂ ಹೇಳಿಲ್ಲ, ಕಲ್ಲಿನಲ್ಲಿ ಏನಿದೆಯೋ ಏನಿಲ್ಲವೋ ನನಗೆ ಖಂಡಿತ ಗೊತ್ತಿಲ್ಲ, ಅವತ್ತು ನಕ್ಕದ್ದು ಬರೀ ಜಂಬಕ್ಕೆ ಎಂದೆ. ಅವನು ಟಯರು ಬಿಚ್ಚುವ ಸರಳನ್ನು ಕೆಳಗಿಡಲಿಲ್ಲ. ನನ್ನ ಕಡೆ ನೋಡದೆ, "ಒಂಬತ್ತು ಮನೆ ಕಣೋ" ಎಂದ. ಅಷ್ಟೇ ಅಂದದ್ದು. ಎಂದಿನಂತೆ ಟೀ ತರಿಸಲಿಲ್ಲ, ನಾನೂ ಕೂರಲಿಲ್ಲ. ಆ ಒಂಬತ್ತು ಮನೆಗೂ ನಾನೇ ಹೋಗಿ ಹೇಳಬೇಕು. ನಿನ್ನೆ ನಾಲ್ಕು ಮನೆಗೆ ಹೋಗಿ ಬಂದೆ. ನರ್ಸಮ್ಮ ಮಾತ್ರ ಬಾಗಿಲು ತೆರೆದಿಟ್ಟು ಪೂರ್ತಿ ಕೇಳಿಸಿಕೊಂಡರು, ಉಳಿದವರ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ದುಡ್ಡಿನ ವಿಷಯಕ್ಕೆ ನೋವಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನಮ್ಮನಿಗೆ ಬೀದಿಯ ಕಡೆ ಕಿಟಕಿಯಿರುವ ಒಂದು ಪುಟ್ಟ ಹೊಲಿಗೆ ಅಂಗಡಿ ಹಾಕಿಕೊಡಬೇಕು, ಅವಳು ಈ ನಡುಮನೆಯ ಕತ್ತಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂರುವುದು ತಪ್ಪಬೇಕು ಎಂದು ಆಸೆಯಿತ್ತು. ಮಾರಿದ್ದರೆ ಅಂಥ ಎರಡು ಅಂಗಡಿ ಆಗುವಷ್ಟು ಬೆಲೆ ಶುಕ್ರವಾರ ಗೋಡೆಯ ಮೇಲೆ ಕಾಣುತ್ತಿತ್ತು. ಈಗ ನಿಜ ಹೇಳಿದರೆ ವಿಚಾರಣೆ ಮುಗಿಯುವ ತನಕ ಷೇರನ್ನು ತಡೆಹಿಡಿಯುತ್ತಾರೆ, ಆಮೇಲೆ ಏನು ಕೈಗೆ ಬರುತ್ತದೋ ಗೊತ್ತಿಲ್ಲ ಎಂದು ಗುಮಾಸ್ತ ಹೇಳಿದ. ಅದು ಹೋದರೂ ಹೋಗಲಿ ಎಂದು ನಿನ್ನೆಯಿಂದ ನಿಜವಾಗಿಯೂ ಅನ್ನಿಸುತ್ತಿದೆ. ನಿನ್ನ ಸಹಿ ಹೋದರೆ ಏನು ಮಾಡುವುದು ಎಂಬುದಕ್ಕೆ ಮಾತ್ರ ನನಗೆ ದಿಕ್ಕು ತೋಚುತ್ತಿಲ್ಲ. ಸುಳ್ಳು ಬರೆದುಕೊಟ್ಟವಳು ಎಂದು ಒಮ್ಮೆ ಹೆಸರು ಬಂದರೆ ಇನ್ನು ಯಾವ ಲ್ಯಾಬಿನವರು ನಿನ್ನ ಅಂಕಿಗಳನ್ನು ನಂಬುತ್ತಾರೆ? ತೂಕದ ಚೀಟಿಗೆ ಸಹಿ ಹಾಕಿ ಬದುಕಿದವನು ನಾನು, ಅದರ ಬೆಲೆ ಏನೆಂದು ನನಗೆ ಗೊತ್ತಿರಬೇಕಿತ್ತು. ನಾನು ನಿನಗೆ ಅನ್ಯಾಯ ಮಾಡಿದ್ದೇನೆ. ನಿನ್ನ ಹತ್ತಿರ ಕ್ಷಮೆ ಕೇಳಲು ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ.

ಅರ್ಜಿಗೆ ಹೌದು ಎಂದು ಬರೆದು ಕಳಿಸುವುದೋ, ಇಲ್ಲ ಗಡುವು ದಾಟಿಸಿ, ಷೇರನ್ನು ಅವರೇ ಮಾರಿಕೊಳ್ಳಲಿ ಎಂದು ತೆಪ್ಪಗಿದ್ದುಬಿಡುವುದೋ, ನೀನೇ ಹೇಳು. ತೆಪ್ಪಗಿದ್ದರೆ ಯಾರಿಗೂ ಗೊತ್ತಾಗದೆಯೂ ಹೋಗಬಹುದು. ನೀನು ಹೇಗೆ ಹೇಳಿದರೆ ಹಾಗೆ ಮಾಡುತ್ತೇನೆ, ಈ ಸಲ ಬರೀ ಹೂಂ ಎನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಕೋಪದಲ್ಲಿ ಊಟ ಬಿಡಬೇಡ. ಕ್ಯಾಂಪಿನಲ್ಲಿ ನಿನ್ನ ಜೊತೆಯಿರುವ ಹುಡುಗಿಯರಿಗೆ ನಮ್ಮ ನೆನಪು ಹೇಳು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುವುದನ್ನು ಬಿಟ್ಟರೆ ಈ ಕೈಯಲ್ಲಿ ಸದ್ಯಕ್ಕೆ ಬೇರೇನೂ ಇಲ್ಲ.

ನಿನ್ನ,
ಅಪ್ಪ

ತಾ.ಕ. ಲಕೋಟೆ ಅಂಟಿಸುವ ಮೊದಲು ನಿನ್ನಮ್ಮ ಇದನ್ನು ನನ್ನ ಕೈಯಿಂದ ಕಸಿದುಕೊಂಡು ನಿಂತಲ್ಲೇ ಓದಿದಳು. ಕೊನೆಗೆ ಬಂದಾಗ, "ನೀವು ಮಾಡಿದ್ದಕ್ಕೆ ಅವಳು ಯಾಕೆ ದಾರಿ ಹುಡುಕಬೇಕು?" ಎಂದು, ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅರ್ಜಿಯನ್ನು ರಿಜಿಸ್ಟರ್ ಅಂಚೆಗೆ ಹಾಕಿ ಈಗಷ್ಟೇ ಬಂದೆವು, ರಸೀದಿ ಇದರೊಳಗಿದೆ. ಅದು ನಿಮ್ಮ ದೊಡ್ಡ ಆಫೀಸಿಗೆ ಸೋಮವಾರ ಬೆಳಿಗ್ಗೆ ಮುಟ್ಟುತ್ತದೆ. ಈ ಕಾಗದ ನಿಮ್ಮ ಕ್ಯಾಂಪಿನ ಸಾಮಾನು ವ್ಯಾನಿನಲ್ಲಿ ಶನಿವಾರ ಸಂಜೆ ನಿನಗೆ ಸಿಗುತ್ತದೆ. ನಡುವೆ ಇರುವುದು ಒಂದು ಭಾನುವಾರ. ಅವರಾಗಿ ಕಂಡುಹಿಡಿಯುವ ಮೊದಲು ನೀನಾಗಿ ಹೇಳಿರಬೇಕು. ಓದಿದ ಕೂಡಲೇ ಇದನ್ನು ತೆಗೆದುಕೊಂಡು ಹೋಗಿ ನಿಮ್ಮ ಸಾಹೇಬರ ಕೈಗೆ ಕೊಡು. ನಿನಗೊಬ್ಬಳಿಗೇ ಎಂದು ಬರೆದದ್ದರಿಂದಲೇ ಇದನ್ನು ನಂಬುತ್ತಾರೆ ಎನ್ನುತ್ತಾಳೆ ನಿನ್ನಮ್ಮ. ಪ್ರತಿ ಹಾಳೆಯ ಕೆಳಗೂ ನನ್ನಿಂದ ಸಹಿ ಹಾಕಿಸಿ, ಪಕ್ಕದಲ್ಲಿ ತಾನೂ ಹಾಕಿದ್ದಾಳೆ. ಅಪ್ಪನ ಮಾನ ಹೋದೀತು ಎಂದು ಒಂದು ಹಾಳೆಯನ್ನೂ ತೆಗೆದಿಡಬೇಡ ಮಗಳೇ, ಪೂರ್ತಿ ಕೊಡು.